ಕಿಮ್ಮತ್ತು ಸೊನ್ನೆಯ ಕಾರ್ಡು

ತುಂಬಿದ ಮನೆಯ ಸುಖ ಎಂದು ಯಾರಾದರೂ ಬಾಯಿ ಚಪ್ಪರಿಸಿ ಹೇಳತೊಡಗಿದರೆ ನಾನು ಎದ್ದು ಬೇರೆ ಕಡೆ ಹೋಗುತ್ತೇನೆ. ಸವಣೂರಿನ ನಮ್ಮ ಮನೆಯೂ ತುಂಬಿದ ಮನೆಯೇ. ಅದು ಮೊದಲು ತುಂಬಿದ್ದು ವಾಸನೆಯಿಂದ. ನಮ್ಮದು ವೀಳ್ಯದೆಲೆಯ ವ್ಯಾಪಾರ. ತೋಟದಿಂದ ಬಂದ ಎಲೆಯ ಪೆಂಡಿಗಳನ್ನು ಪಡಸಾಲೆಯಲ್ಲಿ ಒದ್ದೆ ಗೋಣಿಚೀಲದ ಮೇಲೆ ಸುರಿಯುತ್ತಿದ್ದರು. ಹಸಿ ಎಲೆಯ ಘಮ ಒಂದು ದಿನದ್ದು. ಎರಡನೆಯ ದಿನ ಅಡಿಯಲ್ಲಿದ್ದ ಎಲೆಗಳು ಕಪ್ಪಾಗಿ, ಲೋಳೆಯಾಗಿ, ಒಂದಕ್ಕೊಂದು ಅಂಟಿ ಕೊಳೆಯುತ್ತಿದ್ದವು. ಆ ವಾಸನೆ ಗೋಡೆಗೆ, ಹಾಸಿಗೆಗೆ, ನಮ್ಮ ಸಾಲೆಯ ಪಾಟಿಚೀಲಕ್ಕೆ ಹತ್ತಿಕೊಂಡಿತ್ತು. ವರ್ಗದಲ್ಲಿ ನನ್ನ ಪಕ್ಕ ಕೂಡುವ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನಾನು ಅವಳ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ, ಅವಳ ಜಾಗದಲ್ಲಿದ್ದರೆ ನಾನೂ ಮುಚ್ಚಿಕೊಳ್ಳುತ್ತಿದ್ದೆ. ದೊಡ್ಡಪ್ಪನ ಹೆಂಡತಿ ದೊಡ್ಡವ್ವ ಮತ್ತು ನನ್ನ ಅವ್ವ ಮೇಲಿನ ಒಳ್ಳೆಯ ಎಲೆಗಳನ್ನು ಆರಿಸಿ ನೂರರ ಕಟ್ಟು ಕಟ್ಟುತ್ತಿದ್ದರು. ಅಡಿಯ ಕೊಳೆತದ್ದನ್ನು ಬಿಡಿಸಿ, ಅದರೊಳಗೆ ಇನ್ನೂ ಜೀವ ಇದ್ದ ಎಲೆಗಳನ್ನು ತೊಳೆದು ಮೇಲಕ್ಕೆ ಕೊಡುವ ಕೆಲಸ ನೀಲತ್ತೆಯದು.

ನೀಲತ್ತೆ ನನ್ನ ಅಪ್ಪನ ತಂಗಿ. ಆಗ ಅವಳಿಗೆ ಮೂವತ್ತನಾಲ್ಕು. ಮದುವೆಯಾಗಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವಳು, ಹಂಡೆಗೆ ಉರಿ ಹಾಕುವವಳು, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವವಳು, ಆಮೇಲೆ ಕೊಳೆತ ಎಲೆಯಲ್ಲಿ ಮೊಳಕೈತನಕ ಕೈ ಹಾಕಿ ಕೂಡುವವಳು. ಅವಳ ಉಗುರುಗಳ ಸಂದಿ ಸದಾ ಕಪ್ಪು. ಇವೆಲ್ಲದರ ಜೊತೆ ಅಜ್ಜನ ಪೀಕದಾನಿಯೂ ಅವಳದೇ. ಪಡಸಾಲೆಯ ಮಂಚದ ಮೇಲೆ ಕೂತು ಅಜ್ಜ ದಿನವಿಡೀ ಎಲೆ ಅಡಿಕೆ ಜಗಿಯುತ್ತ, ಪಕ್ಕದ ಹಿತ್ತಾಳೆಯ ಪೀಕದಾನಿಗೆ ಉಗಿಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ತುಂಬುತ್ತಿತ್ತು. ಕೆಂಪು ಎಂದರೆ ಕೆಂಪಲ್ಲ, ಕಂದು ಎಂದರೆ ಕಂದಲ್ಲ, ಮೇಲೆ ನೊರೆ, ನೊರೆಯಲ್ಲಿ ಅಡಿಕೆಯ ಚೂರು, ಎತ್ತಿದರೆ ಅಂಚಿನಿಂದ ಎಳೆಯಾಗಿ ಇಳಿಯುವ ಉಗುಳು. ನೀಲತ್ತೆ ಅದನ್ನು ದಿನಕ್ಕೆ ಮೂರು ಸಲ ಹಿತ್ತಲಿಗೆ ಒಯ್ದು, ನುಗ್ಗೆಗಿಡದ ಬುಡಕ್ಕೆ ಸುರಿದು, ಬೂದಿ ಹಾಕಿ ತಿಕ್ಕಿ ತರುತ್ತಿದ್ದಳು. ಮುಖ ಕಿವಿಚಿದ್ದನ್ನು ನಾನು ಕಂಡಿಲ್ಲ. ಆ ನುಗ್ಗೆಕಾಯಿಯ ಸಾರನ್ನು ನಾನೊಬ್ಬಳೇ ಉಣ್ಣುತ್ತಿರಲಿಲ್ಲ, ಉಳಿದವರೆಲ್ಲ ಸೊರ ಸೊರ ಎಂದು ಉಣ್ಣುತ್ತಿದ್ದರು.

ಊಟದ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲ ಪಂಕ್ತಿ ಗಂಡಸರದು, ಹಂಚಿನಿಂದ ನೇರವಾಗಿ ತಾಟಿಗೆ ಬೀಳುವ ಬಿಸಿ ರೊಟ್ಟಿ, ಬೆಣ್ಣೆ. ಎರಡನೆಯದು ನಮ್ಮಂಥ ಮಕ್ಕಳದು. ಮೂರನೆಯದರಲ್ಲಿ ದೊಡ್ಡವ್ವ ಮತ್ತು ಅವ್ವ. ನೀಲತ್ತೆ ಅವರಿಗೂ ಬಡಿಸಿ, ಒಲೆಯ ಮುಂದೆಯೇ ಗೋಡೆಗೆ ಮುಖ ಮಾಡಿ, ನಿನ್ನೆಯ ಕಟಕು ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದಳು. ಉಂಡ ಮೇಲೆ ಸೆರಗಿನ ಗಂಟಿನಿಂದ ಒಂದು ಬಿಳಿ ಗುಳಿಗೆ ತೆಗೆದು ನೀರಿಲ್ಲದೆ ನುಂಗುತ್ತಿದ್ದಳು. ಬೆಳಿಗ್ಗೆ ಒಂದು, ಸಂಜೆ ಒಂದು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆದರೆ ನಮಗೆಲ್ಲ ಗೊತ್ತಿತ್ತು: ನೀಲತ್ತೆಗೆ ಫಿಟ್ಸ್ ಇತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಗೊತ್ತಾಗಿದ್ದ ಅವಳ ಮದುವೆ, ಲಗ್ನಕ್ಕೆ ಎಂಟು ದಿನ ಇರುವಾಗ ಬೀಗರ ಎದುರಿಗೇ ಅವಳು ಬಿದ್ದದ್ದರಿಂದ ಮುರಿದಿತ್ತು. ಗುಳಿಗೆ ಶುರುವಾದ ಮೇಲೆ ಬೀಳುವುದು ಕಡಿಮೆಯಾಗಿ, ಕೊನೆಗೆ ನಿಂತೇ ಹೋಗಿತ್ತು. ನಾನು ಅವಳು ಬಿದ್ದದ್ದನ್ನು ಕಂಡದ್ದು ಒಮ್ಮೆ ಮಾತ್ರ, ಆಗ ನನಗೆ ಐದು ವರ್ಷ.

ನನಗೆ ಹನ್ನೊಂದಾದಾಗ ನಮ್ಮ ಓಣಿಗೆ ಫೈಟ್ ಕಾರ್ಡಿನ ಹುಚ್ಚು ಬಂತು. ಸಾಬೂನಿನ ರುಚಿಯ ಒಂದು ಪೆಪ್ಪರಮಿಂಟಿನ ಜೊತೆ ಪಾಕೀಟಿನಲ್ಲಿ ಮೂರು ಕಾರ್ಡು ಬರುತ್ತಿದ್ದವು. ಕಾರ್ಡಿನ ಮೇಲೆ ಒಂದು ರಾಕ್ಷಸನದೋ ಮೃಗದ್ದೋ ಚಿತ್ರ. ಮೇಲಿನ ಮೂಲೆಯಲ್ಲಿ ಅದರ ಕಿಮ್ಮತ್ತು, ಕೆಳಗೆ ಅದರ ಹೊಡೆತ ಎಷ್ಟು, ತಡೆತ ಎಷ್ಟು, ಮತ್ತು ಅದು ಏನು ಮಾಡಬಲ್ಲದು ಎಂಬ ಒಂದು ಸಾಲು. ಪ್ರತಿ ಸರತಿಗೆ ಆಟಗಾರನಿಗೆ ಹುಣಸೆ ಬೀಜ ಸಿಗುತ್ತಿದ್ದವು. ಮೊದಲ ಸರತಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ. ಕಿಮ್ಮತ್ತಿನಷ್ಟು ಬೀಜ ಕೊಟ್ಟರೆ ಕಾರ್ಡನ್ನು ಕಣಕ್ಕೆ ಇಳಿಸಬಹುದು. ಬಲವಾದ ಕಾರ್ಡಿಗೆ ಬಹಳ ಬೀಜ, ಪುಕ್ಕಲು ಕಾರ್ಡಿಗೆ ಒಂದೋ ಎರಡೋ. ದೊಡ್ಡಪ್ಪನ ಮಗ ಬಸು ಆಗ ಎಂಟನೆಯ ಇಯತ್ತೆಯಲ್ಲಿದ್ದ. ಓಣಿಯ ಎಲ್ಲ ಹುಡುಗರಿಗಿಂತ ಚೆನ್ನಾಗಿ ಆಡುತ್ತಿದ್ದವನು ಅವನೇ. ಪಾಕೀಟಿನ ಕಾರ್ಡುಗಳು ಸಾಲದೆ, ನಾವೇ ಕಾರ್ಡು ಮಾಡೋಣ ಎಂದವನೂ ಅವನೇ. ಮೊದಲು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದೆವು. ಆದರೆ ಒಂದರ ಬೆನ್ನು ಗುಲಾಬಿ, ಒಂದರದ್ದು ಹಳದಿ, ಇನ್ನೊಂದರ ಬೆನ್ನಿಗೆ ಅರಿಶಿನದ ಬೆರಳು. ಬೆನ್ನು ನೋಡಿಯೇ ಎದುರಿನವನ ಕೈಯಲ್ಲಿ ಹುಲಿ ಇದೆಯೋ ಹಾವಿದೆಯೋ ಗೊತ್ತಾಗುತ್ತಿತ್ತು.

“ಹಿಂಗಾದ್ರ ಆಟ ಅಲ್ಲ ಇದು,” ಎಂದ ಬಸು. “ಎಲ್ಲಾದರ ಬೆನ್ನ ಒಂದ ನಮೂನಿ ಇರಬೇಕು. ಒಂದ ಲಗ್ನದ್ದು ಇಪ್ಪತ್ತ ಇಪ್ಪತ್ತೈದು ಪತ್ರಿಕಿ ಸಿಕ್ರ ಆಗತೈತಿ. ಆದ್ರ ಒಂದ ಮನಿಗೆ ಒಂದ ಕೊಡತಾರ, ಎಲ್ಲಿಂದ ತರೋದು?”

ನಾನು ಅಟ್ಟ ಹತ್ತಿದೆ. ಮುರಿದ ತೊಟ್ಟಿಲಿನ ಹಿಂದೆ, ನೂಲಿನಲ್ಲಿ ಕಟ್ಟಿದ ಒಂದು ಇಡೀ ಕಟ್ಟು ಸಿಕ್ಕಿತು. ದಪ್ಪ ಬಿಳಿ ಹಾಳೆ, ಒಂದು ಬದಿಗೆ ಅಚ್ಚು, ಇನ್ನೊಂದು ಬದಿ ಸ್ವಚ್ಛ ಖಾಲಿ. ಒಂದಕ್ಕೂ ಅರಿಶಿನ ಹಚ್ಚಿರಲಿಲ್ಲ. ಬಸು ಬೇಕೆಂದದ್ದು ಇದೇ. ಒಂದೇ ಲಗ್ನದ ಇಷ್ಟೊಂದು ಪತ್ರಿಕೆ ಹಂಚದೆ ಯಾಕೆ ಉಳಿದಿವೆ ಎಂದು ಯೋಚಿಸುವ ತಾಳ್ಮೆ ನನಗಿರಲಿಲ್ಲ. ಏಣಿ ಇಳಿಯುವಾಗ ಕೆಳಗೆ ನೀಲತ್ತೆ ನಿಂತಿದ್ದಳು. ಆಗ ನಾನು ಅಚ್ಚಿನ ಬದಿ ನೋಡಿದೆ, ವಧುವಿನ ಹೆಸರು ಅವಳದೇ. ಕೈಯಲ್ಲಿದ್ದದ್ದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ಕೈ ಒರೆಸಿಕೊಂಡು, ಒಂದು ಪತ್ರಿಕೆ ತೆಗೆದುಕೊಂಡು ಎರಡೂ ಬದಿ ತಿರುವಿ ನೋಡಿದಳು.

“ಹಾಳಿ ಚೊಲೊ ಐತಿ,” ಎಂದಳು. “ಎದಕ್ಕ ಬೇಕು?”

“ಕಾರ್ಡ್ ಮಾಡಾಕ.”

“ತಗೊ. ಹಲ್ಲಿಲೆ ಹರೀಬ್ಯಾಡ್ರಿ ಮತ್ತ, ಕತ್ತರಿ ಕೊಡ್ತೇನಿ.”

ಎಲೆಯ ತೊಟ್ಟು ಕತ್ತರಿಸುವ ಕತ್ತರಿಯಿಂದ ಅವಳೇ ಕೂತು ಪ್ರತಿಯೊಂದನ್ನೂ ಎರಡಾಗಿ, ಗೆರೆ ಹೊಡೆದ ಹಾಗೆ ಕತ್ತರಿಸಿ ಕೊಟ್ಟಳು. ಮೈದಾ ಹಿಟ್ಟು ಕುದಿಸಿ ಅಂಟು ಮಾಡಿಕೊಟ್ಟವಳೂ ಅವಳೇ. ಅಚ್ಚಿನ ಬದಿಯ ಮೇಲೆ ನಾವು ನೋಟುಬುಕ್ಕಿನ ಹಾಳೆ ಅಂಟಿಸಿ ಚಿತ್ರ ಬರೆದೆವು. ಮೂವತ್ತೆರಡು ಮೃಗಗಳಾದವು, ಇನ್ನೂ ಎಂಟು ಕಾರ್ಡು ಖಾಲಿ ಉಳಿದವು. ಅದರಲ್ಲಿ ಮನೆಯ ಮಂದಿಯನ್ನು ಬರೆಯೋಣ ಎಂಬ ವಿಚಾರ ನನ್ನದು. ನಾನು ಮನೆಯ ಮೇಲಿನ ಹೇಸಿಗೆಯನ್ನೆಲ್ಲ ಆ ಎಂಟು ಕಾರ್ಡಿನಲ್ಲಿ ತೀರಿಸಿಕೊಂಡೆ. ದೊಡ್ಡಪ್ಪ: ಕಿಮ್ಮತ್ತು ಆರು, ಹೊಡೆತ ಏಳು, ತಡೆತ ಎರಡು, ಇವನು ಬಂದರೆ ಕಣದಲ್ಲಿ ಕೂತವರೆಲ್ಲ ಎದ್ದು ನಿಲ್ಲಬೇಕು. ದೊಡ್ಡವ್ವ: ಕಿಮ್ಮತ್ತು ನಾಲ್ಕು, ಪ್ರತಿ ಸರತಿ ಎದುರಿನವರ ಒಂದು ಬೀಜ ಎತ್ತಿಕೊಳ್ಳುತ್ತಾಳೆ. ಅಜ್ಜ: ಕಿಮ್ಮತ್ತು ಒಂದು, ಹೊಡೆತವಿಲ್ಲ, ಇವನು ಉಗಿದ ಕಾರ್ಡನ್ನು ಯಾರೂ ಮುಟ್ಟುವಂತಿಲ್ಲ. ಬಸು ನಕ್ಕು ನಕ್ಕು ಗೋಡೆಗೆ ಆನಿಕೊಂಡ. ಆದರೆ ಆಟದ ವಿಷಯದಲ್ಲಿ ಅವನು ಬಹಳ ಬಿಗಿ. ಹೊಸ ಕಾರ್ಡನ್ನು ಇಟ್ಟುಕೊಂಡು ಹತ್ತು ಆಟ ಆಡಬೇಕು, ಅದು ಯಾರ ಕೈಗೆ ಬಂತೋ ಅವರೇ ಆರಕ್ಕಿಂತ ಹೆಚ್ಚು ಸಲ ಗೆದ್ದರೆ ಆ ಕಾರ್ಡಿನ ತೂಕ ತಪ್ಪಿದೆ ಎಂದು ಲೆಕ್ಕ. ಆಗ ಒಂದೋ ಕಿಮ್ಮತ್ತು ಏರಿಸಬೇಕು, ಇಲ್ಲವೇ ಅದಕ್ಕೊಂದು ಕುಂದು ಬರೆಯಬೇಕು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ತೂಕ ತಪ್ಪಿದ್ದು ನೀಲತ್ತೆಯ ಕಾರ್ಡು. ನಾನು ಬರೆದದ್ದು ಹೀಗಿತ್ತು: ಹೊಡೆತ ಸೊನ್ನೆ, ತಡೆತ ಐದು, ಪ್ರತಿ ಸರತಿ ಸೋತು ಬಿದ್ದ ಕಾರ್ಡುಗಳ ರಾಶಿಯಿಂದ ಒಂದನ್ನು ತೊಳೆದು ಮತ್ತೆ ನಿನ್ನ ಕೈಗೆ ಕೊಡುತ್ತಾಳೆ. ಕಿಮ್ಮತ್ತಿನ ಮೂಲೆಯಲ್ಲಿ ಸೊನ್ನೆ.

“ಸೊನ್ನಿ ಹೆಂಗ ಆಗತೈತಿ?” ಎಂದ ಬಸು. “ಎಲ್ಲಾದಕ್ಕೂ ಕಿಮ್ಮತ್ತ ಇರಬೇಕು.”

“ಅತ್ತಿಗೆ ಏನ್ ಕಿಮ್ಮತ್ತ ಕೊಡತೇವಿ ನಾವು? ನಿಮ್ಮಪ್ಪ ಕರದ್ರ ಸಾಕು, ಬಂದ ನಿಂದರತಾಳ.”

ಅದೂ ಖರೆ ಎಂದ ಬಸು. ಕಿಮ್ಮತ್ತನ್ನು ಹಾಗೇ ಬಿಟ್ಟೆವು. ಹತ್ತು ಆಟ ಆಡಿದೆವು, ನೀಲತ್ತೆ ಯಾರ ಕೈಗೆ ಬಂದಳೋ ಅವರು ಒಂಬತ್ತು ಸಲ ಗೆದ್ದರು. ತಡೆತವನ್ನು ಮೂರಕ್ಕೆ ಇಳಿಸಿದೆ, ಒಂದಕ್ಕೆ ಇಳಿಸಿದೆ. ಆದರೂ ಎಂಟು. ಬಿಟ್ಟಿಯಾಗಿ ಬರುವವಳು, ಬಿದ್ದವರನ್ನೆಲ್ಲ ಎತ್ತಿ ಕೊಡುವವಳು ಇರುವಾಗ ಸೋಲುವುದು ಹೇಗೆ? ಇದಕ್ಕೊಂದು ದೊಡ್ಡ ಕುಂದೇ ಬೇಕು ಎಂದ ಬಸು. ನಾನು ಪೆನ್ಸಿಲ್ಲು ತೆಗೆದುಕೊಂಡು ಅಡಿಗೆ ಬರೆದೆ: “ಪ್ರತಿ ಸರತಿ ಗುಳಿಗೆಗೆ ಒಂದು ಬೀಜ ಕೊಡಬೇಕು. ಮರೆತರೆ ಫಿಟ್ಸ್ ಬಂದು ಬೀಳುತ್ತಾಳೆ, ಎರಡು ಸರತಿ ಏಳುವುದಿಲ್ಲ.” ಮತ್ತೆ ಹತ್ತು ಆಟ ಆಡಿದೆವು. ಐದು ಗೆಲುವು, ಐದು ಸೋಲು. ಈಗ ತೂಕ ಸರಿ ಆತು ಎಂದು ಬಸು ನನ್ನ ಬೆನ್ನು ತಟ್ಟಿದ. ಅಷ್ಟು ಹೆಮ್ಮೆ ನನಗೆ ಪರೀಕ್ಷೆಯಲ್ಲಿ ಮೊದಲ ನಂಬರು ಬಂದಾಗಲೂ ಆಗಿರಲಿಲ್ಲ. ಈಗ ನನ್ನ ಮಗಳು ಮೊಬೈಲಿನಲ್ಲಿ ಇಂಥದೇ ಕಾರ್ಡು ಮಾಡಿಕೊಂಡು ಬಂದು, ಬ್ಯಾಲೆನ್ಸ್ ಸರಿ ಐತೇನ ನೋಡವ್ವಾ ಎಂದು ಕೇಳುತ್ತಾಳೆ. ನಾನು ನೋಡುವುದಿಲ್ಲ, ಕೆಲಸವಿದೆ ಎನ್ನುತ್ತೇನೆ. ಅವಳು ನನ್ನನ್ನು ಮುಂಗೋಪಿ ಎಂದುಕೊಂಡಿದ್ದಾಳೆ. ಹಾಗೇ ಅಂದುಕೊಳ್ಳಲಿ.

ಮುಂದಿನ ತಿಂಗಳು ನೀಲತ್ತೆಗೆ ಒಂದು ಸಂಬಂಧ ಬಂತು. ಅಪ್ಪನಿಗೆ ಹಾನಗಲ್ಲಿನ ಸಂತೆಯಲ್ಲಿ ಪರಿಚಯವಾದವರು, ಹಿರೇಕೆರೂರು ಕಡೆ ಅಬಲೂರಿನವರು, ಸಾಲೆಯ ಮಾಸ್ತರು. ಹೆಂಡತಿ ತೀರಿ ಮೂರು ವರ್ಷವಾಗಿತ್ತು, ಒಂಬತ್ತು ವರ್ಷದ ಮಗಳಿದ್ದಳು. ಮನೆಯಲ್ಲಿ ಈ ಸುದ್ದಿಗೆ ಖುಷಿಪಟ್ಟವರು ಅಪ್ಪ, ಅವ್ವ ಇಬ್ಬರೇ. ದೊಡ್ಡಪ್ಪ ಒಪ್ಪಿದ್ದು, ಬೇಡವೆಂದರೆ ಓಣಿಯ ಜನ ಏನೆನ್ನುತ್ತಾರೋ ಎಂಬ ಅಂಜಿಕೆಯಿಂದ. ಆ ವಾರ ನೀಲತ್ತೆ ನಿಂಬೆಹಣ್ಣಿನ ಸಿಪ್ಪೆಯಿಂದ ಉಗುರು ತಿಕ್ಕಿಕೊಳ್ಳುವುದನ್ನು ಕಂಡೆ. ಅವರು ಬರುವ ಹಿಂದಿನ ದಿನ ಮಧ್ಯಾಹ್ನ, ದೊಡ್ಡಪ್ಪ ಉಂಡು ಕೈ ತೊಳೆಯುತ್ತಿದ್ದಾಗ, ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಅಣ್ಣಾ, ಗುಳಿಗಿ ಸುದ್ದಿ ನಾನ ಅವರಿಗೆ ಹೇಳತೇನಿ. ಮಾತಾಡಾಕ ಒಂದೈದ ನಿಮಿಷ ಬಿಡತಾರಲ್ಲ, ಆವಾಗ.”

“ಬಾಯಿ ಮುಚಗೊಂಡ ಕುಂದರು,” ಎಂದ ದೊಡ್ಡಪ್ಪ, ಕೈ ಒರೆಸಿಕೊಳ್ಳುತ್ತ. “ಒಮ್ಮೆ ಆಗಿದ್ದ ಸಾಲಲಿಲ್ಲೇನ? ಲಗ್ನ ಆಗಲಿ, ಆಮ್ಯಾಲ ತಾನ ಗೊತ್ತಾಗತೈತಿ.”

“ಆಮ್ಯಾಲ ಗೊತ್ತಾದ್ರ ನನ್ನ ಮನಿಗೆ ಕಳಸ್ತಾರ.”

“ಕಳಸಿದ್ರ ಬಾ. ಇಲ್ಲಿ ಕೆಲಸೇನ ಕಡಿಮಿ ಐತೇನ?”

ಇದನ್ನು ನಾನು ಕಿವಿಯಾರೆ ಕೇಳಿದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಜಾಗವಿಲ್ಲ. ಗುಟ್ಟು ಯಾವುದು, ಅದು ಹೊರಗೆ ಬಿದ್ದರೆ ಏನಾಗುತ್ತದೆ, ಎಲ್ಲವೂ ನನಗೆ ಸ್ಪಷ್ಟವಾಗಿ ತಿಳಿದಿತ್ತು. ಸಂಜೆ ನೀಲತ್ತೆ ನನ್ನನ್ನು ಹಿತ್ತಲಿಗೆ ಕರೆದು, ಆ ಹುಡುಗಿಯ ಹೆಸರು ಚೈತ್ರಾ ಅಂತ, ಹೊಸ ಮನೆ, ಹೊಸ ಮಂದಿ, ಅಳುತ್ತಾಳೇನೋ, ನಿಮ್ಮ ಕಾರ್ಡಿನ ಆಟಕ್ಕೆ ಅವಳನ್ನೂ ಕರಕೊಳ್ಳಿರಿ ಎಂದು ಹೇಳಿದಳು. ಹೇಳುವಾಗ ಮುಖ ತಿರುಗಿಸಿಕೊಂಡಿದ್ದಳು, ನಾಚಿಕೆಯಾಗಿತ್ತು ಅವಳಿಗೆ. ನಾನು ಹೂಂ ಎಂದೆ. ಒಳಗೆ ಬಂದರೆ ದೊಡ್ಡವ್ವ ಎಲೆಯ ಕಟ್ಟಿಗೆ ನೀರು ಚಿಮುಕಿಸುತ್ತ ಕೂತಿದ್ದಳು. ನನ್ನನ್ನು ಕಂಡು, ಮಂಚದ ಬುಡಕ್ಕೆ ಗದ್ದ ಮಾಡಿ ತೋರಿಸಿ ಹೇಳಿದಳು:

“ನಿಮ್ಮತ್ತಿ ಹ್ವಾದ್ಲಂದ್ರ ಅಜ್ಜನ ಪೀಕದಾನಿ ಇನ್ನ ನಿಂದ ನೋಡ. ಮನ್ಯಾಗ ಹೆಣ್ಣ ಹುಡಿಗಿ ಅಂದ್ರ ನೀ ಒಬ್ಬಾಕಿನ ಇರಾಕಿ. ಕೊಳತ ಎಲಿ ಬಿಡಸೋದೂ ಕಲಕೊ.”

ಅವಳು ನಗುತ್ತ ಹೇಳಿದ್ದಳು. ನನ್ನ ಕಣ್ಣಿಗೆ ಕಟ್ಟಿದ್ದು ಇಷ್ಟೇ: ಹಿತ್ತಾಳೆಯ ಆ ಅಂಚು, ಅದರ ಮೇಲಿನ ಬೆಚ್ಚಗಿನ ಎಳೆ, ನನ್ನ ಬೆರಳು. ನೀಲತ್ತೆಯ ಬೆರಳಿಗೆ ಅದು ಹದಿನೈದು ವರ್ಷದಿಂದ ಹತ್ತುತ್ತಿದೆ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ. ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದೇ ನನ್ನ ಅನುಮಾನ.

ಮರುದಿನ ಹತ್ತು ಗಂಟೆಗೆ ಮಾಸ್ತರು, ಅವರ ಅಕ್ಕ, ಮತ್ತು ಮಗಳು ಬಂದರು. ಪಡಸಾಲೆಯ ಎಲೆಯನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿ ಊದುಬತ್ತಿ ಹಚ್ಚಿದ್ದರು. ಪೀಕದಾನಿಯನ್ನು ಮಂಚದ ಕೆಳಗೆ ತಳ್ಳಿ ಮೇಲೊಂದು ಪಂಜೆ ಮುಚ್ಚಿದ್ದರು. ಅವರು ಬರುವ ಮೊದಲೇ ಬಸು ನನಗೆ ತಾಕೀತು ಮಾಡಿದ್ದ.

“ಮನಿ ಮಂದಿ ಕಾರ್ಡು ಎಂಟೂ ತಗದಿಡು. ಆ ಹುಡುಗಿ ಕೈಯಾಗ ಸಿಕ್ರ ನಮ್ಮ ಚರ್ಮ ಸುಲೀತಾರ.”

ನಾನು ತೆಗೆದೆ. ದೊಡ್ಡಪ್ಪ, ದೊಡ್ಡವ್ವ, ಅಜ್ಜ, ಅಪ್ಪ, ಅವ್ವ, ಬಸು, ನಾನು. ಏಳು ಕಾರ್ಡುಗಳನ್ನು ನನ್ನ ಪಾಟಿಚೀಲದಲ್ಲಿಟ್ಟೆ. ಎಂಟನೆಯದನ್ನು ಕೈಯಲ್ಲಿ ಹಿಡಿದು ನೋಡಿ, ಮತ್ತೆ ಮೃಗಗಳ ನಡುವೆ ಸೇರಿಸಿ ಕಲೆಸಿದೆ. ಎಲ್ಲದರ ಬೆನ್ನೂ ಒಂದೇ ಬಿಳಿ, ಎಲ್ಲಿ ಸೇರಿತೋ ನನಗೂ ಗೊತ್ತಾಗಲಿಲ್ಲ. ಬರದಿದ್ದರೂ ಬರಬಹುದು ಎಂದು ಸಮಾಧಾನ ಮಾಡಿಕೊಂಡೆ. ಎಂಥ ನೀಚ ಸಮಾಧಾನ ಅದು. ಎಲ್ಲ ತೆಗೆದೆಯಾ ಎಂದು ಬಸು ಕೇಳಿದಾಗ ತೆಗೆದೆ ಎಂದೆ.

ನಾವು ಮೂವರೂ ಪಡಸಾಲೆಗೆ ಹೊಂದಿಕೊಂಡ ನಡುಮನೆಯಲ್ಲಿ ಕೂತೆವು. ಚೈತ್ರಾ ಅಳಲಿಲ್ಲ. ಎರಡು ಜಡೆಯ, ಗಟ್ಟಿ ದನಿಯ ಹುಡುಗಿ, ನಿಯಮವನ್ನು ಒಂದೇ ಸಲಕ್ಕೆ ತಿಳಿದುಕೊಂಡಳು. ಪಡಸಾಲೆಯಲ್ಲಿ ಶಿರಾ, ಉಪ್ಪಿಟ್ಟಿನ ತಾಟುಗಳ ಸದ್ದು ಕೇಳುತ್ತಿತ್ತು. ನೀಲತ್ತೆ ಹಸಿರು ಸೀರೆಯಲ್ಲಿ ಚಹಾದ ತಾಟು ಹಿಡಿದು ನಮ್ಮನ್ನು ದಾಟಿ ಹೋದಳು. ಹೋಗುವಾಗ ಚೈತ್ರಾಳ ಕಡೆ ನೋಡಿ ಒಂಚೂರು ನಕ್ಕಳು, ಅವಳೂ ನಕ್ಕಳು. ನಾಲ್ಕನೆಯ ಸರತಿಗೆ ಚೈತ್ರಾ ಒಂದು ಕಾರ್ಡು ಎತ್ತಿ ಕಣ್ಣರಳಿಸಿದಳು. ಸಾಲೆಯಲ್ಲಿ ಓದುವ ಹಾಗೆ ಅಕ್ಷರ ಅಕ್ಷರಕ್ಕೆ ಒತ್ತು ಕೊಟ್ಟು ಅಡಿಯ ಸಾಲನ್ನು ಓದಿದಳು. ಬಸು ನನ್ನ ಮುಖ ನೋಡಿದ.

“ಇವರು ಈಗ ಚಾ ತಗೊಂಡ ಹ್ವಾದ್ರಲ್ಲ, ಅವರ ಏನ?” ಎಂದಳು ಚೈತ್ರಾ. ಚಿತ್ರ ನಾನು ಚೆನ್ನಾಗಿಯೇ ಬರೆದಿದ್ದೆ. “ಗುಳಿಗಿ ತಗೊಳ್ಳಿಲ್ಲಂದ್ರ ಖರೇನ ಬೀಳತಾರೇನ?”

“ಏ, ಆಟದಾಗಿಂದದು,” ಎಂದು ಬಸು ಕಾರ್ಡಿಗೆ ಕೈ ಹಾಕಿದ.

“ಖರೇನ,” ಎಂದೆ ನಾನು. “ದಿನಾ ಎರಡ ಗುಳಿಗಿ. ಮುಂಜಾನೆ ಒಂದ, ಸಂಜೀಕ ಒಂದ.”

ಚೈತ್ರಾ ಕಾರ್ಡು ಹಿಡಿದುಕೊಂಡು ಎದ್ದು ಪಡಸಾಲೆಗೆ ನಡೆದಳು. ಅವಳಲ್ಲಿ ಕೆಟ್ಟತನ ಇರಲಿಲ್ಲ. ಅವ್ವ ಸತ್ತದ್ದನ್ನು ಕಂಡ ಮಗು, ಮನೆಗೆ ಬರುವವರು ಬೀಳುತ್ತಾರಂತೆ ಎಂದರೆ ಅಪ್ಪನಿಗೆ ಹೇಳದೆ ಇರುತ್ತದೆಯೇ? ಮಾಸ್ತರು ಕಾರ್ಡು ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು. ತಾಟುಗಳ ಸದ್ದು ನಿಂತಿತು. ಅವರು ದೊಡ್ಡಪ್ಪನನ್ನು ಬಿಟ್ಟು, ಕಂಬದ ಹತ್ತಿರ ನಿಂತಿದ್ದ ನೀಲತ್ತೆಯನ್ನೇ ಕೇಳಿದರು.

“ಖರೆ ಏನ್ರಿ ಇದು?”

“ಖರೆರಿ,” ಎಂದಳು ನೀಲತ್ತೆ. “ಬಿದ್ದ ಆರ ವರ್ಷ ಆತ್ರಿ. ಗುಳಿಗಿ ನಡದಾವು. ನಾನ ಹೇಳಾಕಿದ್ದೆರಿ.”

“ಏ, ಏನೇನರ ಅಂತಾಳ್ರಿ ಅಕಿ, ಅಂಜ್ಯಾಳ,” ಎಂದು ದೊಡ್ಡಪ್ಪ ನಕ್ಕ. “ಹುಡುಗ್ರು ಏನೋ ಗೀಚ್ಯಾವು. ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರಿ. ಶಿರಾ ತಗೋರಿ.”

ಮಾಸ್ತರು ಕಾರ್ಡನ್ನು ತಾಟಿನ ಪಕ್ಕ ಇಟ್ಟರು. ದನಿ ಏರಿಸಲಿಲ್ಲ.

“ನಮ್ಮ ಸಾಲ್ಯಾಗ ಫಿಟ್ಸಿನ ಹುಡುಗ್ರು ಇಬ್ರದಾರ್ರಿ. ನಾನ ಗುಳಿಗಿ ನೆನಪ ಮಾಡತೇನಿ. ಅದಕ್ಕ ನಾ ಅಂಜಾಂವಲ್ಲ. ಆದ್ರ ಅವರ ಬಾಯಿಲೆ ಖರೆ ಅಂದ ಮ್ಯಾಲೂ ನೀವು ಇಲ್ಲ ಅಂತೀರಿ. ಇಂಥಾ ಮನಿ ಕೂಡ ನಾ ಹೆಂಗ ಬೀಗತನ ಮಾಡ್ಲಿ? ನಾಳೆ ನನ್ನ ಮಗಳನ್ನೂ ಅಜ್ಜನ ಮನಿ ಅಂತ ಇಲ್ಲೆ ಕಳಸಬೇಕಾಗತೈತಿ.”

ಎದ್ದರು. ನೀಲತ್ತೆ ಒಂದು ಹೆಜ್ಜೆ ಮುಂದೆ ಇಟ್ಟಳು, ಏನೋ ಹೇಳಲು ಬಾಯಿ ತೆರೆದಳು. ದೊಡ್ಡಪ್ಪ ಅವಳ ಕಡೆ ತಿರುಗಿದ, ಅವಳು ಅಲ್ಲೇ ನಿಂತಳು. ಆ ಐದು ನಿಮಿಷ ಅವಳಿಗೆ ಸಿಕ್ಕಿದ್ದರೆ, ಆ ಮಾತು ಅವಳ ಬಾಯಿಂದ ಮೊದಲು ಬಂದಿದ್ದರೆ, ಆ ಮನುಷ್ಯ ಒಪ್ಪುತ್ತಿದ್ದ. ಇದು ನನ್ನ ಊಹೆಯಲ್ಲ, ಫಿಟ್ಸಿಗೆ ಅಂಜುವುದಿಲ್ಲ ಎಂದು ಅವನ ಬಾಯಿಂದಲೇ ಕೇಳಿದೆ. ಅವರ ಹಿಂದೆ ಅಪ್ಪ ಬಸ್‌ಸ್ಟ್ಯಾಂಡಿನತನಕ ಹೋಗಿ, ಬಹಳ ಹೊತ್ತಿನ ಮೇಲೆ ತಲೆ ತಗ್ಗಿಸಿಕೊಂಡು ಬಂದ.

ಆಮೇಲೆ ನಡೆದದ್ದು ಇನ್ನೂ ಹೇಸಿಗೆ. ದೊಡ್ಡಪ್ಪ ಕಾರ್ಡುಗಳನ್ನೆಲ್ಲ ಬಾಚಿ ಹಂಡೆಯ ಉರಿಗೆ ಹಾಕಿದ. ಬಸುವಿಗೆ ನಾಲ್ಕು ಬಿದ್ದವು, ನನಗೆ ಒಂದು. ಎರಡನೆಯದಕ್ಕೆ ಕೈ ಎತ್ತಿದಾಗ ದೊಡ್ಡವ್ವ ನಡುವೆ ಬಂದಳು.

“ಬಿಡ್ರಿ, ತಿಳೀಲಾರದ ಕೂಸು. ಆಗೂದು ಆತು. ಇನ್ನ ಎಲಿ ಬಿಡಸಾಕ ಆಳ ಹುಡಕೋದರ ತಪ್ಪಿತು.”

ದೊಡ್ಡಪ್ಪ ಕೈ ಇಳಿಸಿದ. ಅವನ ಮುಖದಲ್ಲಿ ಸಿಟ್ಟು ಎಷ್ಟು ಬೇಗ ಆರಿತು ಎಂದರೆ, ಅದು ಇತ್ತೋ ಇಲ್ಲವೋ ಎಂದು ನನಗೆ ಇಂದಿಗೂ ಅನುಮಾನ. ಬೀಗರು ಬಿಟ್ಟು ಹೋದ ತಾಟುಗಳಿಂದ ಶಿರಾ ತೆಗೆದು ಮನೆಯವರೆಲ್ಲ ತಿಂದರು. ಉಳಿದದ್ದನ್ನು ಹಾಳು ಮಾಡಬಾರದಂತೆ. ಅಜ್ಜ ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದು, ಬೆರಳು ನೆಕ್ಕಿ, ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ದ್ರಾಕ್ಷಿ, ಗೋಡಂಬಿ ಹೆಚ್ಚಿದ್ದ ಕಡೆಯಿಂದ ಒಂದು ಸೌಟು ತೆಗೆದು ದೊಡ್ಡವ್ವ ನನ್ನ ಕೈಗೆ ಕೊಟ್ಟಳು. ಮನೆಯವರಿಗೆ ನನ್ನ ಮೇಲೆ ಸಿಟ್ಟಿಲ್ಲ ಎಂದು ಆಗ ತಿಳಿಯಿತು. ಅವರಿಗೆ ಮಾಡಲು ಕೈ ಬರದಿದ್ದ ಕೆಲಸವನ್ನು ನಾನು ಮಾಡಿಕೊಟ್ಟಿದ್ದೆ. ಅವರಂತೆ ನಾನಲ್ಲ ಎಂದು ಮೂಗು ಮುಚ್ಚಿಕೊಂಡು ಬೆಳೆದವಳು, ಆ ದಿನ ನಾನು ಅವರೆಲ್ಲರಿಗಿಂತ ಆ ಮನೆಗೆ ಹೆಚ್ಚು ಸೇರಿದವಳಾದೆ. ಶಿರಾವನ್ನು ಹಿತ್ತಲಿಗೆ ಒಯ್ದು ಚೆಲ್ಲಿದೆ. ಅಲ್ಲಿ ಬಾವಿಕಟ್ಟೆಯ ಮೇಲೆ ಬಸು ಕೂತಿದ್ದ, ಅವನ ಪಕ್ಕ ಹಸಿರು ಸೀರೆಯಲ್ಲೇ ನೀಲತ್ತೆ. ಬಸು ಅಳುತ್ತ ಹೇಳುತ್ತಿದ್ದ, ಎಂಟೂ ತಗಿ ಅಂತ ಹೇಳಿದ್ದೆ ಅತ್ತಿ, ಅಕಿಗೆ ಬರೋಬ್ಬರಿ ಹೇಳಿದ್ದೆ ಎಂದು. ನನ್ನನ್ನು ಕಂಡು ಅವನು ಎದ್ದು ಹೋದ. ಆಮೇಲೆ ಅವನು ನನ್ನ ಜೊತೆ ಯಾವ ಆಟವನ್ನೂ ಆಡಲಿಲ್ಲ. ನೀಲತ್ತೆ ನನ್ನನ್ನು ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ, ರೊಟ್ಟಿಗೆ ಕೂತಳು.

ಮಕ್ಕಳ ಪಂಕ್ತಿಗೆ ಆ ಮಧ್ಯಾಹ್ನ ನಾನೊಬ್ಬಳೇ. ತಾಟು ಮುಂದಿಟ್ಟುಕೊಂಡು ಕೂತೆ, ಕೈ ಮೇಲೇಳಲಿಲ್ಲ. ಹಂಚಿನಿಂದ ರೊಟ್ಟಿ ತೆಗೆದು ನೀಲತ್ತೆ ನನ್ನ ತಾಟಿಗೆ ಹಾಕಿದಳು, ಪಲ್ಯ ಹಾಕಿದಳು, ಗಂಡಸರಿಗೆಂದು ಇಟ್ಟಿದ್ದ ಬೆಣ್ಣೆಯಲ್ಲಿ ಒಂದು ಬೆರಳಿನಷ್ಟು ತೆಗೆದು ರೊಟ್ಟಿಯ ಮೇಲಿಟ್ಟಳು. ಅದು ಕರಗುತ್ತ ಬಂತು. ಅವಳು ನನ್ನ ಎದುರಿಗೆ ಕೂತು ನೋಡುತ್ತಿದ್ದಳು.

“ಉಣ್ಣು,” ಎಂದಳು. “ನಾ ಹೋಗಬಾರದು ಅಂತನ ಅಲ್ಲೇನ ಆ ಕಾರ್ಡ ಆಟದಾಗ ಬಿಟ್ಟಿದ್ದು? ಹೋಗಲಿಲ್ಲ. ಇಲ್ಲೇ ಅದೇನಿ. ಉಣ್ಣು.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಅತ್ತು ಬಿಡುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ, ಏನಾದರೂ ಆಗುತ್ತಿತ್ತು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ಅದನ್ನು ಉಂಡು ಮುಗಿಸಿ, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ.